ನೀರಿಗಿಳಿದ ತೂನೀಗ

ಗಂಜಿಯ ಗಡಿಗೆಯನ್ನು ಕಲ್ಲಿನ ಮೇಲೆ ಇಳಿಸಿ ಪಂಪಮ್ಮ ಹಳ್ಳದ ದಂಡೆಯಲ್ಲಿ ಕುಕ್ಕರಿಸಿದಳು. ಬಿಸಿಲಿನ್ನೂ ನೀರನ್ನು ಮುಟ್ಟಿರಲಿಲ್ಲ. ಜೊಂಡಿನ ಕಡ್ಡಿಗಳ ಮೇಲೆ ತೂನೀಗಗಳು ರಾತ್ರಿ ಕುಳಿತ ಹಾಗೆಯೇ ಕುಳಿತಿದ್ದವು. ಜೋಳದ ಹೊಲದ ಮೇಲೆ ರೆಕ್ಕೆ ಹರಡಿಕೊಂಡು ಗಿರಕಿ ಹೊಡೆಯುವ ದಪ್ಪ ತೂನೀಗಗಳಲ್ಲ ಇವು. ಸೂಜಿಯಷ್ಟು ಸಪೂರ, ನೀಲಿ ಮೈ, ಕುಳಿತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಕೈಮುಗಿದಂತೆ ಜೋಡಿಸಿಕೊಳ್ಳುವ ಜಾತಿ. ಹಳ್ಳ ಬಿಟ್ಟು ದೂರ ಹೋಗುವುದಿಲ್ಲ. ರೆಕ್ಕೆಗಳ ಮೇಲೆ ಇಬ್ಬನಿ ಕುಳಿತಿತ್ತು. ಬಿಸಿಲು ಬಿದ್ದು ಅದು ಆರುವವರೆಗೆ ಅವು ಏಳುವಂತಿರಲಿಲ್ಲ.

ಪಂಪಮ್ಮ ಒಂದರ ಕಡೆ ಬೆರಳು ಚಾಚಿದಳು. ಅದು ಹಾರಲಿಲ್ಲ. ಕಡ್ಡಿಯನ್ನು ತಬ್ಬಿಕೊಂಡೇ ಮೆಲ್ಲಗೆ ಪಕ್ಕಕ್ಕೆ ಸರಿದು ಆಚೆ ಬದಿಗೆ ಅಡಗಿತು. ಮೈಯೆಲ್ಲ ಕಡ್ಡಿಯ ಹಿಂದೆ, ಎರಡು ಕಣ್ಣು ಮಾತ್ರ ಎರಡು ಕಡೆಯಿಂದ ಇಣುಕುತ್ತಿದ್ದವು.

"ಮಲಕೋ ತಾಯಿ. ನಿನ್ನ ಯಾರೂ ಎಬ್ಬಸಂಗಿಲ್ಲ," ಎಂದು ಅವಳು ಕೈ ಹಿಂದೆ ತೆಗೆದಳು.

ಅವಳಿಗೆ ಬೇಕಾದದ್ದೂ ಅಷ್ಟೇ. ತವರಿಗೆ, ಸಿ. ಬೆಳಗಲ್ಲಿಗೆ ಹೋಗಿ, ಅಜ್ಜಿಯ ಕೋಣೆಯ ಸಾರಿಸಿದ ನೆಲದ ಮೇಲೆ, ಹೆಸರು ಹಿಡಿದು ಯಾರೂ ಕೂಗದಂತೆ, ಸಾಕೆನಿಸುವವರೆಗೆ ಮಲಗುವುದು. ಸೀರೆ ಬೇಡ, ಉಂಡಿ ಬೇಡ, ಜೋಕಾಲಿಯೂ ಬೇಡ. ನಾಗರಪಂಚಮಿ ಹತ್ತಿರ ಬಂದಿತ್ತು. ಹತ್ತಿಕಾಳು ತರಲು ಆದವಾನಿಯ ಹತ್ತಿ ಗಿರಣಿಗೆ ಗಾಡಿ ಕಟ್ಟಿಕೊಂಡು ಹೋಗಿದ್ದ ಅಣ್ಣ ಚಂದ್ರಣ್ಣ, ಇವತ್ತು ಹಿಂದಿರುಗುವಾಗ ಕರೆಯಲು ಬರುತ್ತೇನೆಂದು ಹೇಳಿಕಳಿಸಿದ್ದ. ಹೋದ ಪಂಚಮಿಗೂ ಬಂದಿದ್ದ, ಅದರ ಹಿಂದಿನದಕ್ಕೂ ಬಂದಿದ್ದ. ಎರಡು ಸಲವೂ ಒಬ್ಬನೇ ಗಾಡಿ ಹೊಡೆದುಕೊಂಡು ಹೋಗಿದ್ದ.

ಅತ್ತೆ ಮಹಾಂತಮ್ಮ ಕೆಟ್ಟ ಹೆಂಗಸಲ್ಲ. ಬೈಯುವುದು ಕಡಿಮೆ, ಉಣ್ಣುವಾಗ ತನ್ನ ತಾಟಿಗಿಂತ ಮೊದಲು ಸೊಸೆಯ ತಾಟು ನೋಡುವವಳು. ಆದರೆ ಆ ನೇಕಾರರ ಮನೆಗೆ ಒಂದು ಕಟ್ಟಳೆ ಇತ್ತು. ಮಗ್ಗದ ಮೇಲೆ ಹಾಸು ಇರುವಾಗ ಸೊಸೆ ತವರಿಗೆಂದು ಹೊಸ್ತಿಲು ದಾಟಬಾರದು. ಹಾಸೆಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು. ಅಡ್ಡ ಎಳೆಯ ನೂಲನ್ನು ಸಣ್ಣ ಕೊಳವೆಗಳಿಗೆ ಸುತ್ತಿ ಲಾಳಿಗೆ ಒದಗಿಸುವ ಕಂಡಿಕೆಯ ಕೆಲಸ ಸೊಸೆಯದು. ಅವಳು ರಾಟೆ ಬಿಟ್ಟೆದ್ದರೆ ಮಗ್ಗ ನಿಲ್ಲುತ್ತದೆ. "ಈ ಹಾಸು ಇಳೀಲಿ, ಆಮ್ಯಾಲ ಕಳಸ್ತೀನಿ," ಎಂದು ಮಹಾಂತಮ್ಮ ಪ್ರತಿ ಸಲವೂ ಹೇಳುತ್ತಿದ್ದಳು, ನಿಜವಾಗಿಯೇ ಕಳಿಸುವವಳಂತೆ.

ಮದುವೆಯಾದ ಹೊಸದರಲ್ಲಿ ಪಂಪಮ್ಮ ಅದನ್ನು ನಂಬಿದ್ದಳು. ಹಾಸು ಬೇಗ ಇಳಿಯಲೆಂದು ಕೋಳಿ ಕೂಗುವ ಮೊದಲೇ ಎದ್ದು ರಾಟೆಗೆ ಕೂರುತ್ತಿದ್ದಳು. ಗಂಡನ ಲಾಳಿ ಒಂದು ಗಳಿಗೆ ಖಾಲಿ ನಿಲ್ಲದಂತೆ ಕಂಡಿಕೆ ಸುತ್ತಿ ಗುಡ್ಡೆ ಹಾಕುತ್ತಿದ್ದಳು. ಹಾಸು ಬೇಗ ಮುಗಿಯಿತು. ಅಷ್ಟೇ ಬೇಗ ಇನ್ನೊಂದು ಬಂತು. ಏಕೆಂದರೆ ಆ ಮನೆಗೆ ಇನ್ನೊಂದು ಕಟ್ಟಳೆಯೂ ಇತ್ತು: ಬರೇ ಮಗ್ಗ ಇಡಬಾರದು, ದರಿದ್ರ. ನೇಯ್ದ ಬಟ್ಟೆಯನ್ನು ಕೊಯ್ದು ತೆಗೆಯುವಾಗ ಹಳೆಯ ಎಳೆಗಳ ಬಾಲವನ್ನು, ಎಳೆಗಳು ಹಾಯುವ ಬಾಚಣಿಗೆಯಂಥ ಹಣಿಗೆಯಲ್ಲೇ ಬಿಡುತ್ತಿದ್ದರು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಬಾಲದ ಒಂದೊಂದು ಎಳೆಗೆ ಹೊಸೆದು ಕೆಚ್ಚುತ್ತಿದ್ದರು. ನೇಕಾರರೆಲ್ಲ ಮಾಡುವುದೇ ಹಾಗೆ, ಇಲ್ಲದಿದ್ದರೆ ಅಷ್ಟೂ ಎಳೆಗಳನ್ನು ಹಣಿಗೆಗೆ ಹೊಸದಾಗಿ ಪೋಣಿಸಬೇಕು. ಹೀಗಾಗಿ ಈ ಮನೆಯ ಹಾಸು ಮಾವನ ಅಪ್ಪನ ಕಾಲದಿಂದ ಇಳಿದದ್ದೇ ಇಲ್ಲ. ಪಂಪಮ್ಮನಿಗೆ ಇದು ತಿಳಿಯುವ ಹೊತ್ತಿಗೆ ಅವಳ ಕೈ ವೇಗ ಹಿಡಿದುಬಿಟ್ಟಿತ್ತು. ಈಗ ನಿಧಾನ ಮಾಡಿದರೆ ಅತ್ತೆ ಬಂದು ಹಣೆ ಮುಟ್ಟಿ ನೋಡುತ್ತಿದ್ದಳು. "ಯಾಕವ್ವಾ, ಮೈಯಾಗ ಆರಾಮಿಲ್ಲೇನು?"

ನಿನ್ನೆ ಸಂಜೆ ಬಟ್ಟೆ ಕೊಯ್ದಿದ್ದರು. ಇವತ್ತು ಹೊಸ ಹಾಸಿನ ಎಳೆಗಳಿಗೆ ಗಂಜಿ ಹಚ್ಚಿ ಒಣಗಿಸಿ, ಹೊತ್ತು ಇಳಿಯುವುದರೊಳಗೆ ಕೆಚ್ಚಲು ಕೂರಬೇಕಿತ್ತು.

"ಏಮ್ಮಾ ಪಂಪಮ್ಮಾ, ಹುಳದ ಕೂಡ ಮಾತಿಗೆ ಕುಂತೀಯಲ್ಲ! ಗಂಡ ಬಾಯಿ ಬಿಡಂಗಿಲ್ಲ ಅಂತ ಇದನ್ನ ಮಾತಾಡಸ್ತೀಯೇನು?"

ಪಕ್ಕದ ಮನೆಯ ಹೂವಮ್ಮ ಬಿದಿರುಕಡ್ಡಿಗಳ ಕಟ್ಟು ಹಿಡಿದು ದಂಡೆ ಇಳಿಯುತ್ತಿದ್ದಳು. ಹಾಸು ಹೂಡುವ ದಿನ ಒಬ್ಬರ ಮನೆಗೆ ಇನ್ನೊಬ್ಬರು ಕೈಜೋಡಿಸುವುದು ಆ ಓಣಿಯ ರೂಢಿ. ಅವಳ ಹಿಂದೆ ಹಾಸಿನ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಪಂಪಮ್ಮನ ಗಂಡ ಮರಿಬಸಪ್ಪ ಬಂದ.

"ನಾ ಮಾತಾಡ್ತೀನಲ್ಲ," ಎಂದ ಅವನು.

"ಹೌದ್ ಹೌದು. ಪಂಚಮಿಗೊಂದು ಮಾತು, ದೀಪಾವಳಿಗೊಂದು ಮಾತು. ಪಾಪಂ, ಗಂಟಲ ನೋಯಿಸ್ಕೋಬ್ಯಾಡಪ್ಪ."

ಮರಿಬಸಪ್ಪ ನಕ್ಕು ಸುರುಳಿ ಇಳಿಸಿದ. ಅವನು ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತರೆ ಕುಳಿತ, ತಾಯಿ ಹೇಳಿದ್ದಕ್ಕೆ ಹೂಂ ಅಂದರೆ ಅಂದ. ಅವನ ಮನಸ್ಸಿನಲ್ಲಿ ಏನಿದೆಯೆಂದು ಪಂಪಮ್ಮನಿಗೆ ಇಷ್ಟು ದಿನವಾದರೂ ಗೊತ್ತಾಗಿರಲಿಲ್ಲ. ಕೇಳುವ ಹೊತ್ತಿಗೆ ಅವಳಿಗೆ ನಿದ್ದೆ ಬಂದಿರುತ್ತಿತ್ತು.

ದಂಡೆಯ ಮೇಲೆ ಎರಡು ಗೂಟಗಳ ನಡುವೆ ಹಾಸನ್ನು ಎಳೆದು ಕಟ್ಟಿದರು. ನಡುನಡುವೆ ಬಿದಿರುಕಡ್ಡಿ ಕೊಟ್ಟು ಎತ್ತಿ ನಿಲ್ಲಿಸಿದರು. ಪಂಪಮ್ಮ ಗಂಜಿ ಬಳಿದುಕೊಂಡು ಹೋದಳು. ಹಿಂದೆಯೇ ಮರಿಬಸಪ್ಪ ಒಂದು ಕಡೆಯಿಂದ, ಹೂವಮ್ಮ ಇನ್ನೊಂದು ಕಡೆಯಿಂದ ದೊಡ್ಡ ಕುಂಚ ಎಳೆಯುತ್ತ ನಡೆದರು. ಗಂಜಿ ಹಸಿಯಿರುವಾಗಲೇ ಕುಂಚ ಆಡಿಸುತ್ತ ಹೋಗಬೇಕು. ಬಿಟ್ಟರೆ ಎಳೆಗೆ ಎಳೆ ಅಂಟಿ ಹಾಸೆಲ್ಲ ಹಲಗೆಯಾಗುತ್ತದೆ.

ಒಂದು ಸುತ್ತು ಮುಗಿಯಿತು. ಕೊನೆಯ ಸುತ್ತಿಗೆ ಮತ್ತೆ ಗಂಜಿ ಬಳಿದದ್ದಾಯಿತು. ಆಗ ಹೂವಮ್ಮ ಮೂಗು ಮೇಲೆತ್ತಿ, "ಅಯ್ಯ, ನನ್ನ ಒಲಿ ಮ್ಯಾಲ ಬ್ಯಾಳಿ ಐತಿ!" ಎಂದು ಕುಂಚ ಅಲ್ಲೇ ಇಟ್ಟು ಓಣಿಯ ಕಡೆ ಓಡಿದಳು. "ಹಸಿ ಆರೋದ್ರಾಗ ಬಂದ್ನಿ!"

ಗಂಜಿ ಮೊಣಕೈವರೆಗೆ ಮೆತ್ತಿತ್ತು. ತೊಳೆದುಕೊಳ್ಳಲೆಂದು ಗಂಡ ಹೆಂಡತಿ ನೀರಿಗೆ ಇಳಿದರು. ಹಳ್ಳ ಅಲ್ಲಿ ಆಳಕ್ಕೆ ಕೊರೆದುಕೊಂಡಿತ್ತು. ಮೇಲೆ ಆಷಾಢದ ಗಾಳಿ ಬೀಸುತ್ತಿದ್ದರೂ ಕೆಳಗೆ ಜೊಂಡಿನ ನಡುವೆ ಎಲೆ ಅಲುಗುತ್ತಿರಲಿಲ್ಲ. ಬಿಸಿಲು ನೀರಿಗೆ ಬಂದಿತ್ತು, ತೂನೀಗಗಳು ಎದ್ದಿದ್ದವು.

ಎದ್ದರೂ ಅವು ಬಹಳ ದೂರ ಹೋಗುವವಲ್ಲ. ಒಂದೊಂದು ಗಂಡೂ ನೀರಿಗೆ ಬಾಗಿದ ಒಂದೊಂದು ಕಡ್ಡಿಯ ತುದಿ ಹಿಡಿದು ಕುಳಿತಿತ್ತು. ಸೊಳ್ಳೆಯೊಂದು ಸುಳಿದರೆ ಗಕ್ಕನೆ ಹೋಗಿ ಹಿಡಿದು ಅದೇ ತುದಿಗೆ ಮರಳುತ್ತಿತ್ತು. ಇನ್ನೊಂದು ಗಂಡು ಹತ್ತಿರ ಬಂದರೆ ಎರಡೂ ಎದುರುಬದುರಾಗಿ ನೀರಿನ ಮೇಲೆ ಗಾಳಿಯಲ್ಲೇ ನಿಂತು ಒಂದನ್ನೊಂದು ಹೆದರಿಸುತ್ತಿದ್ದವು. ಬಂದದ್ದು ಸೋತು ಹೋಗುತ್ತಿತ್ತು, ಇದ್ದದ್ದು ಮತ್ತೆ ಅದೇ ತುದಿಗೆ. ಹೆಣ್ಣುಗಳಿಗೆ ಅಷ್ಟು ಬಣ್ಣವಿಲ್ಲ. ಒಣಹುಲ್ಲಿನ ಮಾಸಲು, ಕಣ್ಣಿಗೆ ಬೀಳದ ಹಾಗೆ ಓಡಾಡುವಂಥವು.

ಮಾಸಲು ಹೆಣ್ಣೊಂದರ ಕತ್ತನ್ನು ನೀಲಿ ಗಂಡೊಂದು ಬಾಲದ ತುದಿಯಿಂದ ಹಿಡಿದಿತ್ತು. ಹಾಗೆಯೇ ಒಂದರ ಹಿಂದೊಂದು ಎರಡೂ ಹಾರಿ ಬಂದು ನೀರಿನಿಂದ ಮೇಲೆದ್ದ ಕಡ್ಡಿಯೊಂದರ ಮೇಲೆ ಇಳಿದವು. ಹೆಣ್ಣು ಮೊಟ್ಟೆಯಿಡಲು ಹೊಟ್ಟೆ ಬಾಗಿಸಿ ಕಡ್ಡಿಯನ್ನು ಸೂಜಿಯಿಂದ ಹೊಲಿದಂತೆ ಚುಚ್ಚುತ್ತ, ಹಿಂದೆ ಹಿಂದೆ ಸರಿಯುತ್ತ, ನೀರಿನ ಕಡೆ ಇಳಿಯತೊಡಗಿತು. ಗಂಡು ಕತ್ತು ಬಿಡದೆ, ನೆಟ್ಟ ಮೊಳೆಯಂತೆ ಅದರ ಮೇಲೆ ನಿಂತೇ ಇತ್ತು.

"ಏನ ನೋಡಾಕತ್ತಿ?" ಎಂದ ಮರಿಬಸಪ್ಪ.

"ಆಕಿ ತವರಿಗೆ ಹೊಂಟಾಳ್ರಿ."

"ಯಾರು?"

ಪಂಪಮ್ಮ ಗಲ್ಲದಿಂದ ತೋರಿಸಿದಳು. ಹೇಳದಿರುವುದಕ್ಕೂ ದಣಿವಾಗಿ ಹೇಳಿದಳು. "ನಮ್ಮಜ್ಜಿ ಹೇಳ್ತಿದ್ಲು. ಆಕಿ ಗಂಗಮ್ಮನ ಮಗಳಂತ. ಗಾಳಿ ಊರಿಗೆ ಕೊಟ್ಟಿದ್ರಂತ. ಅಲ್ಲಿ ಕುಂದ್ರಾಕ ನೆಲ ಇಲ್ಲ, ಹಾರೋದ ಹಾರೋದು. ರೆಕ್ಕಿ ನೋವಾಗಿ ಆಕಿ, ನಾ ನಮ್ಮವ್ವನ ಮನಿಗೆ ಹೋಗಿ ಬರ್ತೀನಿ ಅಂದ್ಲಂತ. ಹೋಗು, ಆದ್ರ ನಮ್ಮ ಹುಡುಗ ನಿನ್ನ ಕತ್ತು ಬಿಡಂಗಿಲ್ಲ ಅಂದ್ರಂತ ಅತ್ತಿ ಮನಿಯವರು. ಅದಕ್ಕ ಅಂವ ಹಿಡಕೊಂಡ ಬಂದಾನ."

ಮರಿಬಸಪ್ಪ ನೀರಿನಲ್ಲಿ ಕೈ ಹಾಗೆಯೇ ಇಟ್ಟುಕೊಂಡು ನೋಡಿದ. ಹೆಣ್ಣಿನ ಬಾಲ ನೀರಿಗಿಳಿಯಿತು. ರೆಕ್ಕೆಗಳು ಇಳಿದವು. ತಲೆಯೂ ಇಳಿಯಿತು. ನೀರು ತನ್ನ ಹತ್ತಿರ ಬಂದದ್ದೇ ಗಂಡು ಹಿಡಿತ ಬಿಟ್ಟು ಚಿಮ್ಮಿ ಮೇಲೆದ್ದಿತು. ಹೆಣ್ಣು ಒಂಟಿಯಾಗಿಯೇ ಕಡ್ಡಿ ಹಿಡಿದು ತಳದ ಕಡೆ ನಡೆಯಿತು. ಅದರ ಮೈಸುತ್ತ ಗಾಳಿ ತೆಳ್ಳಗೆ ಅಂಟಿಕೊಂಡು, ಬೆಳ್ಳಿಯ ಕುಪ್ಪಸ ತೊಟ್ಟಂತೆ ಹೊಳೆಯುತ್ತಿತ್ತು.

"ಮುಳುಗಿದ್ಲಲ್ಲ!" ಎಂದ ಅವನು.

"ಮುಳುಗಿಲ್ರಿ. ಹೋಗ್ಯಾಳ."

ಗಂಡು ಆ ಕಡ್ಡಿಯ ಮೇಲೆಯೇ ಸುತ್ತಿತು. ಕುಳಿತಿತು, ಎದ್ದಿತು, ನೀರಿಗೆ ತಾಗುವಷ್ಟು ಕೆಳಗಿಳಿದು ಮತ್ತೆ ಮೇಲೆ ಬಂತು. ಬೇರೊಂದು ಗಂಡು ಬಂದಾಗ ಅಟ್ಟಿಕೊಂಡು ಹೋಗಿ ಅರ್ಧದಿಂದಲೇ ಮರಳಿತು. ಹೆಣ್ಣು ಕೆಳಗೆ ತನ್ನ ಪಾಡಿಗೆ ತಾನು ಚುಚ್ಚುತ್ತಿತ್ತು, ಅವಸರವಿಲ್ಲದೆ, ಮೇಲೊಬ್ಬ ಇದ್ದಾನೆಂಬುದನ್ನೇ ಮರೆತಂತೆ.

"ಉಸುರು ಕಟ್ಟಂಗಿಲ್ಲೇನು ಆಕಿಗೆ?"

"ಮ್ಯಾಲ ಇದ್ದಾಗ ಕಟ್ಟತೈತೇನೋ."

ಅವನು ತಿರುಗಿ ಹೆಂಡತಿಯ ಮುಖ ನೋಡಿದ. ಕಣ್ಣ ಕೆಳಗೆ ಕಪ್ಪು ಹತ್ತಿತ್ತು. ರಾಟೆ ತಿರುಗಿಸಿ ತಿರುಗಿಸಿ ಬಲ ಭುಜ ಎಡಕ್ಕಿಂತ ಕೆಳಗಿಳಿದಿತ್ತು. ಮಗ್ಗದ ಕುಣಿಯಲ್ಲಿ ಕುಳಿತವನಿಗೆ ದಿನವೂ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅವನು ಮತ್ತೆ ನೀರಿಗೆ ಕಣ್ಣಿಟ್ಟ. ಹೊತ್ತು ಹೋಯಿತು. ಹೆಣ್ಣು ಮೇಲೆ ಬರಲಿಲ್ಲ. ಗಂಡು ಕಡ್ಡಿಯ ತುದಿಯಲ್ಲಿ ಸುಮ್ಮನೆ ಕುಳಿತುಬಿಟ್ಟಿತು.

"ಆಮ್ಯಾಲ ಏನಾತು? ಕಥಿಯೊಳಗ. ಬಂದ್ಲೋ ಇಲ್ಲೋ?"

"ಅಜ್ಜಿ ದಿನಕ್ಕೊಂದು ಹೇಳ್ತಿದ್ಲು. ಒಮ್ಮೊಮ್ಮೆ ಹೇಳೋದ್ರಾಗ ಆಕಿಗೆ ನಿದ್ದಿ ಬರ್ತಿತ್ತು."

ಮರಿಬಸಪ್ಪ ನೀರಿನ ಕಡೆ ನೋಡುತ್ತಲೇ ಕೇಳಿದ. "ನೀ ಹೋದ್ರ ಬರ್ತೀಯಿಲ್ಲ?"

ಪಂಪಮ್ಮನಿಗೆ ಆಗ ಗೊತ್ತಾಯಿತು. ಎರಡು ಪಂಚಮಿಗೂ ಚಂದ್ರಣ್ಣ ಅಂಗಳದಲ್ಲಿ ನಿಂತಾಗ ಇವನು ತಾಯಿಯ ಮಾತಿಗೆ ಹೂಂಗುಟ್ಟಿದ್ದು ತಾಯಿಯ ಹೆದರಿಕೆಯಿಂದ ಮಾತ್ರವಲ್ಲ. ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಮೈಯಲ್ಲಿ ಶಕ್ತಿ ಬೇಕಲ್ಲ.

"ಗೊತ್ತಿಲ್ರಿ," ಎಂದಳು. "ಮೊದಲ ನಿದ್ದಿ ಮಾಡ್ತೀನಿ. ಎದ್ದ ಮ್ಯಾಲ ಏನ ಅನಸ್ತದೋ ಈಗ್ಹೆಂಗ ಹೇಳ್ಲಿ?"

ಅಷ್ಟರಲ್ಲಿ ಕಡ್ಡಿಯ ಬುಡದಲ್ಲಿ ಹೆಣ್ಣು ಹಿಡಿತ ಬಿಟ್ಟು ಬಿರಡೆಯಂತೆ ಪುಳಕ್ಕನೆ ಮೇಲೆ ತೇಲಿತು. ರೆಕ್ಕೆ ನೀರಿಗೆ ಅಂಟಿ, ಅಡ್ಡಡ್ಡ ಬಿದ್ದು, ಒದ್ದಾಡುತ್ತ ಹರಿವಿನ ಜೊತೆ ಸಾಗತೊಡಗಿತು. ಮರಿಬಸಪ್ಪ ಅರಿವಿಲ್ಲದೆ ನೀರೊಳಗೆ ಎರಡು ಹೆಜ್ಜೆ ಇಟ್ಟ. ಅವನಿಗಿಂತ ಮೊದಲು ಗಂಡು ತೂನೀಗ ಎರಗಿ ಅದರ ಕತ್ತು ಹಿಡಿದು, ರೆಕ್ಕೆ ಬಡಿದು ಬಡಿದು ನೀರಿನಿಂದ ಎಳೆದು, ಜೊಂಡಿನ ಮೇಲೆ ಹಾಕಿತು. ಎರಡೂ ಅಲ್ಲಿ ಏದುಸಿರು ಬಿಡುವಂತೆ ಕುಳಿತವು.

"ಬಂದ್ಲು!" ಎಂದ ಮರಿಬಸಪ್ಪ, ಓಣಿಯವರಿಗೆಲ್ಲ ಕೇಳುವಷ್ಟು ಜೋರಾಗಿ.

"ಬಂದ್ನಿ ಬಂದ್ನಿ," ಎಂದು ಮೇಲಿನಿಂದ ಹೂವಮ್ಮನ ದನಿ. ಮರುಗಳಿಗೆ ಅದೇ ದನಿ ಕಿರುಚಿತು. "ಏ ಬಸಪ್ಪಾ! ನಿನ್ನ ಹಾಸು ಹಪ್ಪಳ ಆಗೇತೋ!"

ಇಬ್ಬರೂ ದಂಡೆ ಹತ್ತಿ ಓಡಿದರು. ಕೆಳಗೆ ತಿಳಿಯದ ಗಾಳಿ ಮೇಲೆ ತನ್ನ ಕೆಲಸ ಮುಗಿಸಿತ್ತು. ಹಾಸು ಗೂಟದಿಂದ ಗೂಟದವರೆಗೆ ಒಂದೇ ತಟ್ಟಿಯಂತೆ ಬಿರುಸಾಗಿ ನಿಂತಿತ್ತು. ಮರಿಬಸಪ್ಪ ಬೆರಳಿಂದ ಬಡಿದ. ತಟತಟ ಸದ್ದಾಯಿತು.

ಕಿರುಚಾಟ ಕೇಳಿ ಮಹಾಂತಮ್ಮ ಬಂದಳು. ಹಿಂದೆ ಚಂದ್ರಣ್ಣ, ಆಗತಾನೆ ಗಾಡಿ ಬಿಟ್ಟು ಮುಖ ತೊಳೆದವನು, ಹೆಗಲ ವಸ್ತ್ರ ಹಿಂಡುತ್ತ ಬಂದ. ಮಹಾಂತಮ್ಮ ಹಾಸಿನ ಉದ್ದಕ್ಕೂ ಕೈಯಾಡಿಸುತ್ತ ಹೋಗಿ ಹಿಂದೆ ಬಂದಳು.

"ಕುಂಚ ಯಾಕ ಎಳೀಲಿಲ್ಲ?"

"ಮರತ್ನಿ," ಎಂದ ಮರಿಬಸಪ್ಪ.

"ಇಬ್ಬರೂ ಇಲ್ಲೇ ಇದ್ರೆಲ್ಲ. ಏನ ಮಾಡಾಕತ್ತಿದ್ರಿ?"

"ತೂನೀಗ ನೋಡಾಕತ್ತಿದ್ವಿ."

ಹೂವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ನಗು ಹೊರಗೆ ಬಂತು. "ಅಕ್ಕಾ, ನಿನ್ನ ಮಗ ಮೂವತ್ತು ತುಂಬಿದ ಮ್ಯಾಲ ಹುಡುಗಾಟಕ್ಕ ಬಿದ್ದಾನ, ಬಾಲಕ್ಕ ದಾರ ಕಟ್ಟಿ ಕೊಡು ಹಾರಸ್ಲಿ!"

ಮಹಾಂತಮ್ಮ ನಗಲಿಲ್ಲ. "ಇದನ್ನ ಈಗ ನೀರಿಗೆ ಹಾಕಿ ನೆನಸಬೇಕು. ಎಳಿ ಎಳಿ ಬಿಡಸಬೇಕು. ಮತ್ತ ಗಂಜಿ ಕುಡಸಬೇಕು." ಆಮೇಲೆ ಚಂದ್ರಣ್ಣನ ಕಡೆ ತಿರುಗಿ, ದನಿ ಇಳಿಸಿ ಹೇಳಿದಳು. "ನೀನ ನೋಡಿದೆಲ್ಲಪ್ಪ. ಈ ಗೋಳಿನಾಗ ಹೆಂಗ ಕಳಸ್ಲಿ? ಈ ಹಾಸೊಂದು ಇಳೀಲಿ."

"ಅತ್ತೀ, ಹೋದ ವರ್ಷಾನೂ ಇದ ಮಾತಂದ್ರಿ. ನಮ್ಮಜ್ಜಿ ಅಕ್ಕನಾಗಮ್ಮ ಈ ಸಲ ಬರೇ ಕೈಲೆ ಬಂದ್ರ ಮನಿ ಹೊರಗ ನಿಲ್ಲಸ್ತೀನಿ ಅಂದಾಳ ನನಗ."

"ನಿಲ್ಲಸ್ಲಿ ಬಿಡು, ಬಿಸಲಿಗೆ ಏನೂ ಆಗಂಗಿಲ್ಲ," ಎಂದಳು ಮಹಾಂತಮ್ಮ. ಪಂಪಮ್ಮ ಹಾಸಿನ ಗೂಟಕ್ಕೆ ಒರಗಿದಳು. ಕೂರಲೂ ಬಾರದು, ನಿಲ್ಲಲೂ ಆಗದು ಅನ್ನುವ ಹಾಗಾಗಿತ್ತು.

"ಮಗ್ಗದಾಗ ಈಗ ಹಾಸು ಇಲ್ಲ, ಯವ್ವಾ," ಎಂದ ಮರಿಬಸಪ್ಪ.

ಎಲ್ಲರೂ ಅವನ ಕಡೆ ನೋಡಿದರು.

"ಬಾಲ ಐತೆಲ್ಲ," ಎಂದಳು ಮಹಾಂತಮ್ಮ.

"ಬಾಲಕ್ಕ ಕಂಡಿಕಿ ಬೇಕಿಲ್ಲ."

"ಇದನ್ನ ತೊಳಿಯೋರು?"

"ನಾ ತೊಳಿತೀನಿ."

"ಆಮ್ಯಾಲ ಕೆಚ್ಚೋದು?"

"ಆಕಿ ಬಂದ ಮ್ಯಾಲ ಕೆಚ್ಚೂಣು. ಅಲ್ಲೀತನಕ ಬಾಲ ಹಂಗ ಇರ್ಲಿ."

"ಬರೇ ಮಗ್ಗ ಇಡ್ತೀಯಾ?" ಮಹಾಂತಮ್ಮನ ದನಿ ಒಡೆಯಿತು. "ನಿಮ್ಮಪ್ಪ ಹೋದಾಗ್ಲೂ ನಾವು ಬರೇ ಮಗ್ಗ ಇಟ್ಟಿಲ್ಲ, ಬಸಪ್ಪಾ. ಹನ್ನೊಂದರ ಶಾಸ್ತ್ರಕ್ಕ ಮೊದಲ ಕೆಚ್ಚಿದ್ನಿ ನಾನು. ಈ ಕೈಲೆ."

"ಗೊತ್ತೈತಿ ಯವ್ವಾ. ಆವತ್ತು ನಿನಗ ಎದ್ದು ಹೋಗು ಅಂತ ಅನ್ನೋರು ಯಾರೂ ಇರ್ಲಿಲ್ಲ."

ಅಷ್ಟು ಹೇಳಿ ಅವನು ಒಂದು ಗೂಟದ ಹಗ್ಗ ಬಿಚ್ಚಿದ. ಒಣಗಿದ ಹಾಸು ಬಾಗದೆ ಚಾಪೆಯಂತೆ ನೆಲಕ್ಕೆ ಬಿತ್ತು. ಅದನ್ನು ಎಳೆದುಕೊಂಡು, ಯಾರ ಮುಖವನ್ನೂ ನೋಡದೆ, ಅವನು ದಂಡೆ ಇಳಿದು ನೀರಿಗೆ ಹೋದ.

ಮಹಾಂತಮ್ಮ ಬಹಳ ಹೊತ್ತು ನಿಂತಿದ್ದಳು. ಕೊನೆಗೆ ಮುದುಕಿ ಕಲ್ಲಿನ ಮೇಲೆ ಕುಳಿತು, ದಂಡೆಯ ಮೇಲೆ ಉಳಿದಿದ್ದ ಹಾಸಿನ ತುದಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಉಗುರಿನಿಂದ ಒಂದು ಎಳೆ ಬಿಡಿಸಲು ನೋಡಿದಳು. ಅದು ಕಿತ್ತು ಬಂತು. ಇನ್ನೊಂದನ್ನು ಹಿಡಿದಳು.

"ಯಾವಾಗ ಬರ್ತಿ?" ಎಂದು ತಲೆ ಎತ್ತದೆ ಕೇಳಿದಳು.

ಪಂಪಮ್ಮನಿಗೆ ಒಂದು ದಿನ ಹೇಳಬಹುದಿತ್ತು. ಹುಣ್ಣಿಮೆ ಅನ್ನಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ದಣಿವು ಆರಿದ ಮ್ಯಾಲ, ಅತ್ತಿ."

"ಹಂಗಂದ್ರ ನೀ ಬರೂದಿಲ್ಲ ಬಿಡು," ಎಂದಳು ಮಹಾಂತಮ್ಮ. ಅದರಲ್ಲಿ ಸಿಟ್ಟಿರಲಿಲ್ಲ. ತನಗೆ ಗೊತ್ತಿದ್ದ ಸಂಗತಿಯೊಂದನ್ನು ಹೇಳಿದಂತಿತ್ತು. "ಹೋಗು. ನಾ ಮನಸ ಬದಲಾಸೋದ್ರಾಗ ಹೋಗು."

ಪಂಪಮ್ಮ ಮನೆಯೊಳಗೆ ಹೋಗಲಿಲ್ಲ. ಬೇರೆ ಸೀರೆ ಉಡಲಿಲ್ಲ. ಗಂಜಿ ಮೆತ್ತಿದ ಸೆರಗಿನಲ್ಲೇ, ಅಣ್ಣನ ಹಿಂದೆ, ಗಾಡಿ ಬಿಟ್ಟಿದ್ದ ಬೇವಿನ ಮರದ ತನಕ ನಡೆದಳು. ನೀರಿನಲ್ಲಿ ಹಾಸು ಬಡಿಯುವ ಸದ್ದು ಹಿಂದೆ ಕೇಳುತ್ತಿತ್ತು. ತಿರುಗಿ ನೋಡಿದರೆ ಕಾಲು ನಿಂತೀತೆಂದು ನೋಡಲಿಲ್ಲ.

ಚಂದ್ರಣ್ಣ ಎತ್ತು ಹೂಡಿ, ಹತ್ತಿಕಾಳಿನ ಚೀಲಗಳನ್ನು ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟ. ಗಾಡಿ ತವರಿನ ಕಡೆಗೆ, ಎಮ್ಮಿಗನೂರಿನ ದಾರಿಗೆ ಬಿದ್ದಮೇಲೆ ಅವನಿಗೆ ಮಾತು ಬಂತು. ಕಪಿಲೆ ಹಸು ಕರು ಹಾಕಿದ್ದು, ಓಣಿಯ ರಾಮಲಕ್ಷ್ಮಿಗೆ ಗಂಡು ಗೊತ್ತಾದದ್ದು, ಅಜ್ಜಿಗೆ ಈಗ ಒಂದು ಕಿವಿ ಮಾ‌ತ್ರ ಕೇಳುವುದು, ಅದೂ ತನಗೆ ಬೇಕಾದದ್ದು ಮಾತ್ರ.

"ಅಣ್ಣಾ," ಎಂದಳು ಪಂಪಮ್ಮ. ಅವಳು ಆಗಲೇ ಚೀಲಗಳ ನಡುವೆ ಮಗ್ಗುಲಾಗಿದ್ದಳು. ಒಣಗಿದ ಗಂಜಿಯಿಂದ ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಬಿಡಿಸಿಕೊಳ್ಳುವ ಗೋಜಿಗೆ ಹೋಗದೆ ಆ ಕೈಯನ್ನು ಹಾಗೆಯೇ ಕೆನ್ನೆಯ ಕೆಳಗೆ ಇಟ್ಟುಕೊಂಡಳು. "ಊರು ಬಂದ್ರೂ ಎಬ್ಬಸಬ್ಯಾಡ."